ಕೆರಿಬಿಯನ್‌ನ ಚಿಕ್ಕ ದ್ವೀಪಗಳು: ಅಮ್ಮನ ಜೊತೆ ಎರಡು ವಾರ, ಎಲ್ಲಿಗೆ ಹೋಗಲಿ?

ಪುಟ್ಟಪಯಣ:

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಾನು, ಅಮ್ಮ ಇಬ್ಬರೂ ಕೆರಿಬಿಯನ್ ಕಡೆ ಹೊರಟಿದ್ದೇವೆ. ಎರಡು ವಾರ ಸಮಯ ಇದೆ. ದೊಡ್ಡ ದೊಡ್ಡ ರೆಸಾರ್ಟ್ ಇರುವ ಜಾಗ ಬೇಡ, ಚಿಕ್ಕ ದ್ವೀಪಗಳನ್ನೇ ನೋಡೋಣ ಅಂತ ತೀರ್ಮಾನ ಮಾಡಿದ್ದೇವೆ. ಮ್ಯಾಪ್ ಇಟ್ಟುಕೊಂಡು ನಾನು ಗುರುತು ಹಾಕಿದ್ದು ಇಷ್ಟು: ಸಿಂಟ್ ಮಾರ್ಟನ್, ಸೇಬಾ, ಆಂಟಿಗುವಾ, ಡೊಮಿನಿಕಾ, ಸೇಂಟ್ ಲೂಸಿಯಾ, ಬೆಕ್ವೇ, ಗ್ರೆನಡಾ. ಎಲ್ಲಾ ಸಾಲಾಗಿ ಪಕ್ಕಪಕ್ಕದಲ್ಲೇ ಇವೆ. ದೋಣಿ ಹಿಡಿದು ಒಂದೊಂದೇ ನೋಡಿಕೊಂಡು ಬರಬಹುದು ಅಲ್ವಾ?

ಅಮ್ಮನಿಗೆ ಅರವತ್ತು ದಾಟಿದೆ, ಮೊಣಕಾಲು ನೋವಿದೆ, ಈಜು ಬರುವುದಿಲ್ಲ. ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಆದರೆ ಉತ್ಸಾಹಕ್ಕೇನೂ ಕಮ್ಮಿ ಇಲ್ಲ. ಜ್ವಾಲಾಮುಖಿ ನೋಡದೆ ವಾಪಸ್ ಬರುವುದಿಲ್ಲ ಅಂತ ಈಗಲೇ ಹೇಳಿಬಿಟ್ಟಿದ್ದಾರೆ. ಹೋಗಿ ಬಂದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಬಿಸಿಲುಮರಳು:

ಸಿಂಟ್ ಮಾರ್ಟನ್ ಮಾತ್ರ ಬಿಡಬೇಡಿ. ಮಾಹೋ ಬೀಚ್‌ನಲ್ಲಿ ನಿಂತರೆ ವಿಮಾನ ತಲೆ ಮೇಲೆಯೇ ಇಳಿಯುತ್ತದೆ. ರನ್‌ವೇ ಬೇಲಿ ಹಿಡಿದು ನಿಲ್ಲುವ ಹುಚ್ಚಾಟ ಮಾತ್ರ ಬೇಡ, ವಿಮಾನ ಹೊರಡುವಾಗ ಎಂಜಿನ್ ಗಾಳಿ ಜನರನ್ನು ಎತ್ತಿ ಎಸೆದಿದೆ. ಇನ್ನೊಂದು ಮಜಾ ಏನೆಂದರೆ, 1648ರ ಒಪ್ಪಂದದಿಂದ ಆ ದ್ವೀಪದ ಒಂದು ಭಾಗ ಡಚ್ಚರದು, ಇನ್ನೊಂದು ಫ್ರೆಂಚರದು. ನಡುವೆ ಗೇಟೂ ಇಲ್ಲ, ಪೊಲೀಸೂ ಇಲ್ಲ. ಒಂದು ಬೋರ್ಡ್ ದಾಟಿದರೆ ಆಯಿತು, ಇನ್ನೊಂದು ದೇಶ. ಬೀಚ್, ಶಾಪಿಂಗ್, ಊಟ ಎಲ್ಲಾ ಸಿಗುತ್ತದೆ. ಅಲ್ಲೇ ಎರಡು ವಾರ ಇದ್ದರೂ ಬೇಜಾರಾಗಲ್ಲ.

ಹಡಗುಭಟ್ರು:

ಎರಡು ವಾರಕ್ಕೆ ಏಳು ದ್ವೀಪ ಅಂದರೆ ನೀವು ನೋಡುವುದು ಏಳು ಏರ್‌ಪೋರ್ಟ್, ಅಷ್ಟೇ. ನಾನು ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವನು. ಬೆಳಿಗ್ಗೆ ಒಂದು ದ್ವೀಪ, ಮಾರನೇ ಬೆಳಿಗ್ಗೆ ಇನ್ನೊಂದು. ವಾರದ ಕೊನೆಗೆ ಪ್ರಯಾಣಿಕರಿಗೆ ತಮ್ಮದೇ ಫೋಟೊ ತೋರಿಸಿ ಇದು ಆಂಟಿಗುವಾನೋ ಸೇಂಟ್ ಕಿಟ್ಸೋ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಅವರದೇನೂ ತಪ್ಪಿಲ್ಲ ಬಿಡಿ. ಹಡಗು ನಿಲ್ಲುವ ಕಡೆಯೆಲ್ಲಾ ಅದೇ ವಜ್ರದ ಅಂಗಡಿ, ಅದೇ ಟೀ ಶರ್ಟ್. ಕಾಂಟ್ರ್ಯಾಕ್ಟ್ ಮುಗಿದಾಗ ಬ್ಯಾಗ್ ಹಿಡಿದು ಒಂದೇ ಕಡೆ ಉಳಿಯಲು ಶುರು ಮಾಡಿದ ಮೇಲೆಯೇ ನನಗೆ ಈ ದ್ವೀಪಗಳು ಬೇರೆ ಬೇರೆ ಅಂತ ಗೊತ್ತಾಗಿದ್ದು. ನನ್ನ ಮಾತು ಕೇಳುವುದಾದರೆ ಎರಡು ವಾರಕ್ಕೆ ಎರಡೇ ದ್ವೀಪ.

ಮ್ಯಾಪ್‌ನಲ್ಲಿ ಪಕ್ಕಪಕ್ಕ ಇರುವುದು ನಿಜ. ಆದರೆ ಸೇಬಾ ನೆದರ್ಲೆಂಡ್ಸ್‌ಗೆ ಸೇರಿದ್ದು, ಗ್ವಾಡೆಲೂಪ್, ಮಾರ್ಟಿನಿಕ್ ಫ್ರಾನ್ಸ್‌ನವು, ಮಾಂಟ್ಸೆರಾಟ್ ಬ್ರಿಟನ್‌ನದು. ಡೊಮಿನಿಕಾ, ಸೇಂಟ್ ಲೂಸಿಯಾ, ಗ್ರೆನಡಾ ಸ್ವತಂತ್ರ ದೇಶಗಳು. ಪ್ರತಿ ಸಲವೂ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು, ವೀಸಾ ನಿಯಮವೂ ಬೇರೆ ಬೇರೆ. ಯುರೋಪಿನ ಷೆಂಗೆನ್ ವೀಸಾ ಇದ್ದರೆ ಮಾರ್ಟಿನಿಕ್‌ಗೂ ನಡೆಯುತ್ತದೆ ಅಂದುಕೊಂಡು ಹೋಗುವವರಿದ್ದಾರೆ. ಆ ದ್ವೀಪಗಳಿಗೂ ಸಲ್ಲುತ್ತದೆ ಅಂತ ವೀಸಾದಲ್ಲೇ ಬರೆದಿರದಿದ್ದರೆ ನಡೆಯುವುದಿಲ್ಲ. ದೋಣಿಯ ವಿಷಯಕ್ಕೆ ಬಂದರೆ, ಗ್ವಾಡೆಲೂಪ್, ಡೊಮಿನಿಕಾ, ಮಾರ್ಟಿನಿಕ್, ಸೇಂಟ್ ಲೂಸಿಯಾ ನಡುವೆ ದೊಡ್ಡ ಫೆರಿ ಓಡಾಡುತ್ತದೆ. ನಿಮ್ಮ ಪಟ್ಟಿಯ ಉಳಿದ ಜಾಗಗಳನ್ನು ಹೀಗೆ ಉದ್ದಕ್ಕೂ ಜೋಡಿಸುವ ದೋಣಿ ಇಲ್ಲ, ಚಿಕ್ಕ ವಿಮಾನವೇ ಗತಿ. ಅವೂ ಎಲ್ಲಾ ಕಡೆಗೆ ದಿನಾ ಇರುವುದಿಲ್ಲ.

ಅಮ್ಮನಿಗೆ ಜ್ವಾಲಾಮುಖಿ ಬೇಕು ಅಂದರೆ ಡೊಮಿನಿಕಾ. ಇಡೀ ದ್ವೀಪವೇ ಬೆಟ್ಟ, ಕಾಡು, ಬಿಸಿನೀರು. ಬಿಳಿ ಮರಳಿನ ಬೀಚ್ ಕೇಳಿಕೊಂಡು ಅಲ್ಲಿಗೆ ಹೋಗುವವರು ಮುಖ ಸಣ್ಣಗೆ ಮಾಡಿಕೊಂಡು ಬರುತ್ತಾರೆ, ಅಲ್ಲಿ ಜಾಸ್ತಿ ಕಪ್ಪು ಮರಳೇ. ಅಲ್ಲಿನ ಕುದಿಯುವ ಕೆರೆ, ಬಾಯ್ಲಿಂಗ್ ಲೇಕ್, ನೀವು ಒಬ್ಬರೇ ಗೈಡ್ ಜೊತೆ ಹೋಗಿ. ಹೋಗಿ ಬರಲು ಆರೇಳು ಗಂಟೆ ಏರಿಳಿತದ ದಾರಿ, ಮಧ್ಯೆ ಗಂಧಕದ ವಾಸನೆಯ ಬೋಳು ಕಣಿವೆ. ಆ ಕಣಿವೆಯಲ್ಲಿ ಕಾಲಿಡುವ ಕಲ್ಲುಗಳ ಸಂದಿಯಿಂದಲೇ ಆವಿ ಬರುತ್ತಿರುತ್ತದೆ. ಗೈಡ್ ಎಲ್ಲಿ ಕಾಲಿಟ್ಟನೋ ಅಲ್ಲೇ ನೀವೂ ಇಡಬೇಕು. ಕೆರೆ ಕಂಡರೂ ಪೂರ್ತಿ ಕಾಣುವುದಿಲ್ಲ. ಹೊಗೆಯ ಪರದೆ ಗಾಳಿಗೆ ಸರಿದಾಗ ಬೂದು ನೀಲಿ ನೀರು ನಡುಮಧ್ಯದಲ್ಲಿ ಕೊತಕೊತ ಕುದಿಯುವುದು ಕಾಣುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ.

ಅಮ್ಮನಿಗೆ ವಾಟನ್ ವೇವನ್ ಅನ್ನುವ ಹಳ್ಳಿ ಇದೆ, ರಾಜಧಾನಿ ರೋಸೋದಿಂದ ಹತ್ತಿರ. ಬಿಸಿ ಗಂಧಕದ ನೀರಿನ ತೊಟ್ಟಿಗಳು. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕೂತರೆ ಸಾಕು. ಟ್ರಫಾಲ್ಗರ್ ಜಲಪಾತದ ನೋಟಕಟ್ಟೆಗೆ ಸ್ವಲ್ಪವೇ ನಡಿಗೆ. ಉತ್ತರದ ಪೋರ್ಟ್ಸ್‌ಮತ್ ಹತ್ತಿರ ಇಂಡಿಯನ್ ರಿವರ್‌ನಲ್ಲಿ ಮೋಟಾರ್ ಬಿಡುವುದಿಲ್ಲ, ಹುಟ್ಟು ಹಾಕಿಯೇ ಕರೆದೊಯ್ಯುತ್ತಾರೆ. ದಡದ ಮರಗಳ ಬೇರು ಗೋಡೆಯ ಹಾಗೆ ನೀರಿಗೆ ಇಳಿದಿರುತ್ತದೆ. ಪೂರ್ವದ ಕಡೆ ಕಲಿನಾಗೊ ಜನರ ಪ್ರದೇಶವಿದೆ. ಕೊಲಂಬಸ್ ಬರುವ ಮೊದಲಿಂದಲೂ ಇದ್ದವರ ಮಕ್ಕಳು ಮೊಮ್ಮಕ್ಕಳು. ಬುಟ್ಟಿ ಹೆಣೆಯುವುದನ್ನು ಕೂತು ನೋಡಬಹುದು, ಕೊಳ್ಳಬಹುದು.

ಎರಡನೆಯದು ಬೆಕ್ವೇ. ಸೇಂಟ್ ವಿನ್ಸೆಂಟ್‌ನ ಕಿಂಗ್ಸ್‌ಟೌನ್‌ನಿಂದ ಫೆರಿಯಲ್ಲಿ ಒಂದು ಗಂಟೆ. ಶಾಂತ ಕೊಲ್ಲಿ, ನೀರಿನ ಅಂಚಿನಲ್ಲೇ ನಡೆಯುವ ದಾರಿ, ಮರದ ಪುಟ್ಟ ದೋಣಿ ಮಾಡಿ ಮಾರುವವರು. ಈಜು ಬಾರದ ಅಮ್ಮನಿಗೆ ಸರಿಯಾದ ಜಾಗ.

ಸೇಬಾ ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಮೊಣಕಾಲು ನೋವಿನವರಿಗೆ ಹೇಳಲು ಧೈರ್ಯ ಇಲ್ಲ. 13 ಚದರ ಕಿಲೋಮೀಟರ್ ಅಷ್ಟೇ. ಸಮುದ್ರದಿಂದ ನೆಟ್ಟಗೆ ಎದ್ದ ಜ್ವಾಲಾಮುಖಿ ಬೆಟ್ಟವೇ ಆ ದ್ವೀಪ. ವರ್ಷವಿಡೀ ಉಳಿಯುವ ಮರಳಿನ ದಡ ಅಂತ ಏನೂ ಇಲ್ಲ. ಏರ್‌ಪೋರ್ಟಿನ ರನ್‌ವೇ 400 ಮೀಟರ್, ಪ್ರಯಾಣಿಕರ ವಿಮಾನ ಓಡಾಡುವ ರನ್‌ವೇಗಳಲ್ಲಿ ಇದೇ ಜಗತ್ತಿನಲ್ಲಿ ಅತಿ ಚಿಕ್ಕದು. ಎರಡು ತುದಿಗೂ ಕೆಳಗೆ ಸಮುದ್ರ. ಟ್ವಿನ್ ಆಟರ್ ಅನ್ನುವ ಪುಟ್ಟ ವಿಮಾನದಲ್ಲಿ ಮುಂದಿನ ಸೀಟಲ್ಲಿ ಕೂತರೆ ಪೈಲಟ್ ಭುಜದ ಮೇಲಿಂದ ಎಲ್ಲಾ ಕಾಣುತ್ತದೆ. ಎದುರಿಗೆ ಬರೀ ಬಂಡೆ, ಮತ್ತೆ ವಿಮಾನ ವಾಲುತ್ತದೆ, ರನ್‌ವೇ ಆಗ ಕಣ್ಣಿಗೆ ಬೀಳುತ್ತದೆ, ಚಕ್ರ ತಾಗಿದ ಕೂಡಲೇ ಎಂಜಿನ್ ಅಬ್ಬರಿಸಿ ನಿಂತೇಬಿಡುತ್ತದೆ. ಅಲ್ಲಿನ ರಸ್ತೆಯ ಕತೆ ಇನ್ನೂ ದೊಡ್ಡದು. ಇಂಥ ಬೆಟ್ಟದಲ್ಲಿ ರಸ್ತೆ ಸಾಧ್ಯವೇ ಇಲ್ಲ ಅಂತ ಎಂಜಿನಿಯರ್‌ಗಳು ಕೈಚೆಲ್ಲಿದ್ದರು. ಊರಿನವನೇ ಆದ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಅಂಚೆ ಮೂಲಕ ರಸ್ತೆ ಕಟ್ಟುವ ಪಾಠ ಓದಿದ. 1938ರಲ್ಲಿ ಕೆಲಸ ಶುರುವಾಯಿತು, ಜನ ಕೈಯಿಂದಲೇ ಕಟ್ಟುತ್ತಾ ಹೋದರು, 1958ರಲ್ಲಿ ಮುಗಿಯಿತು. ಅದಕ್ಕೂ ಮೊದಲು ದೋಣಿಯಲ್ಲಿ ಬಂದ ಸಾಮಾನನ್ನೆಲ್ಲಾ ಬಂಡೆಗೆ ಕೊರೆದ ಸುಮಾರು 800 ಮೆಟ್ಟಿಲು ಹತ್ತಿಸುತ್ತಿದ್ದರು. ಪಿಯಾನೋ ಸಹಿತ.

ಬೂದಿಬೆಟ್ಟ:

ಜ್ವಾಲಾಮುಖಿ ಅಂದಮೇಲೆ ಮಾಂಟ್ಸೆರಾಟ್ ಹೆಸರು ಪಟ್ಟಿಯಲ್ಲೇ ಇಲ್ಲವಲ್ಲ! ಸೂಫ್ರಿಯೆರ್ ಹಿಲ್ಸ್ 1995ರ ಜುಲೈಯಲ್ಲಿ ಎದ್ದಿತು. ರಾಜಧಾನಿ ಪ್ಲಿಮತ್ ಬೂದಿ, ಕೆಸರಿನಡಿ ಹೂತುಹೋಯಿತು. 1997ರ ಜೂನ್ 25ರಂದು ಬಿಸಿ ಬೂದಿಯ ಪ್ರವಾಹಕ್ಕೆ ಸಿಕ್ಕಿ 19 ಜನ ಸತ್ತರು. ದ್ವೀಪದ ಸುಮಾರು ಮೂರರಲ್ಲಿ ಎರಡು ಪಾಲು ಜನ ಬೇರೆ ಕಡೆಗೆ ಹೋದರು. ದಕ್ಷಿಣ ಭಾಗಕ್ಕೆ ಈಗಲೂ ಬೇಕಾದಂತೆ ಹೋಗುವ ಹಾಗಿಲ್ಲ. ಕಾಗದದ ಮೇಲೆ ಮಾತ್ರ ಪ್ಲಿಮತ್ ಇವತ್ತಿಗೂ ರಾಜಧಾನಿ. ವೀಕ್ಷಣಾಲಯದ ಕಟ್ಟೆಯಿಂದ ಬೆಟ್ಟ ನೋಡಬಹುದು, ನಡೆಯುವ ಕೆಲಸವೇ ಇಲ್ಲ. ಆಂಟಿಗುವಾದಿಂದ ಚಿಕ್ಕ ವಿಮಾನದಲ್ಲಿ ಸುಮಾರು 20 ನಿಮಿಷ. ಅಮ್ಮನಿಗೆ ಡೊಮಿನಿಕಾಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಪುಟ್ಟಪಯಣ:

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಈಗ ಹೊಸ ತಲೆನೋವು ಶುರುವಾಗಿದೆ. ಭಟ್ರೇ, ನೀವು ಬೇಡ ಅಂದ ಸೇಬಾನೇ ಬೇಕಂತೆ ಅವರಿಗೆ! "ಪಿಯಾನೋ ಹತ್ತಿದ ಬೆಟ್ಟಕ್ಕೆ ನಾನು ಹತ್ತಲ್ವಾ" ಅಂತಾರೆ. ಬೆಕ್ವೇ ಬಿಟ್ಟು ಸೇಬಾ, ಡೊಮಿನಿಕಾ ಅಂತ ಇಟ್ಟುಕೊಂಡರೆ ನಡೆಯುತ್ತಾ? ಊಟದ ಬಗ್ಗೆಯೂ ಹೇಳಿ, ಅದೇ ನನಗೆ ದೊಡ್ಡ ಚಿಂತೆ.

ಹಡಗುಭಟ್ರು:

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಧಾರಾಳವಾಗಿ ನಡೆಯುತ್ತದೆ, ದಾರಿಯೂ ಸುಲಭ. ಸಿಂಟ್ ಮಾರ್ಟನ್‌ನಿಂದ ಸೇಬಾಕ್ಕೂ ವಿಮಾನ ಇದೆ, ಡೊಮಿನಿಕಾಕ್ಕೂ ಇದೆ. ಬಿಸಿಲುಮರಳು ಅವರ ಬೀಚನ್ನೂ ಆ ಮಧ್ಯದಲ್ಲೇ ನೋಡಿಕೊಳ್ಳಿ. ಸೇಬಾಕ್ಕೆ ಫೆರಿಯೂ ಇದೆ. ಆದರೆ ಆ ಸಮುದ್ರ ತುಂಬಾ ಕುಲುಕುತ್ತದೆ, ಅಮ್ಮನನ್ನು ವಿಮಾನದಲ್ಲೇ ಕರೆದುಕೊಂಡು ಹೋಗಿ. ಗಾಳಿ ಜೋರಾದರೆ ಸೇಬಾ ವಿಮಾನ ರದ್ದಾಗುತ್ತದೆ. ಅದಕ್ಕೇ ಮನೆಗೆ ವಾಪಸ್ ಹೊರಡುವ ದೊಡ್ಡ ವಿಮಾನಕ್ಕೂ ಸೇಬಾದಿಂದ ಬರುವುದಕ್ಕೂ ನಡುವೆ ಒಂದು ರಾತ್ರಿಯಾದರೂ ಬಿಡಿ. ಇನ್ನೂ ಒಳ್ಳೆಯದು ಅಂದರೆ ಸೇಬಾ ಮೊದಲು, ಡೊಮಿನಿಕಾ ಆಮೇಲೆ.

ಸೇಬಾದಲ್ಲಿ ವಿಂಡ್‌ವರ್ಡ್‌ಸೈಡ್ ಅನ್ನುವ ಊರಿನಲ್ಲಿ ಉಳಿಯಿರಿ. ಬಿಳಿ ಗೋಡೆ, ಕೆಂಪು ಸೂರು, ಎಲ್ಲಾ ಮನೆಯೂ ಹಾಗೇ. ರೂಮ್ ಬುಕ್ ಮಾಡುವಾಗ ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತ ಮರೆಯದೆ ಕೇಳಿ. ಅಲ್ಲಿ ಅದು ಸಾಮಾನ್ಯ ಪ್ರಶ್ನೆ. ಟ್ಯಾಕ್ಸಿಯವರು ರಸ್ತೆ ಪೂರ್ತಿ ಸುತ್ತಿಸುತ್ತಾರೆ. ಆ ದ್ವೀಪದ ಶಿಖರ ಮೌಂಟ್ ಸೀನರಿ ತುದಿಗೆ ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಮಂಜಿನ ಕಾಡು, ಜಾರುತ್ತದೆ. ಅದು ನಿಮಗೆ. ನೀವು ಹತ್ತಿ ಇಳಿಯುವಷ್ಟರಲ್ಲಿ ಅಮ್ಮ ಲೇಸ್ ಹೆಣೆಯುವ ಅಜ್ಜಿಯರನ್ನು ಮಾತಾಡಿಸಿಕೊಂಡಿರಲಿ. ಆ ಕಸೂತಿಗೆ ಸೇಬಾ ಹೆಸರುವಾಸಿ. ದುಡ್ಡು ಅಮೆರಿಕನ್ ಡಾಲರ್.

ಬೂದಿಬೆಟ್ಟ ಅವರು ಹೇಳಿದ್ದು ಸರಿ, ಮಾಂಟ್ಸೆರಾಟ್ ನೋಡಲೇಬೇಕಾದ ಜಾಗ. ಆದರೆ ಅದಕ್ಕೆ ಆಂಟಿಗುವಾ ಸುತ್ತಬೇಕು. ಅಲ್ಲದೆ ಮೋಡ ಬೆಟ್ಟ ಮುಚ್ಚಿದರೆ ಅಮ್ಮ ನೋಡುವುದು ಮೋಡವನ್ನೇ. ಡೊಮಿನಿಕಾದಲ್ಲಿ ಬಿಸಿನೀರು ಕಾಲಿಗೇ ಸಿಗುತ್ತದೆ.

ಊಟಕ್ಕೆ ಅಷ್ಟೇನೂ ಕಷ್ಟ ಇಲ್ಲ. ಅಲ್ಲಿನ ಮನೆ ಅಡುಗೆಯ ಬುಡವೇ ಗೆಡ್ಡೆ, ಕಾಯಿಗಳು: ಕೆಸುವಿನ ಗೆಡ್ಡೆ, ಬಾಳೆಕಾಯಿ, ದೀವಿಹಲಸು. ಈ ದೀವಿಹಲಸನ್ನು ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ಪೆಸಿಫಿಕ್‌ನಿಂದ ಹಡಗಿನಲ್ಲಿ ತಂದು ಸೇಂಟ್ ವಿನ್ಸೆಂಟ್‌ನಲ್ಲಿ ಇಳಿಸಿದ. ಗುಲಾಮರ ಹೊಟ್ಟೆಗೆ ಅಗ್ಗದ ಆಹಾರ ಬೇಕಿತ್ತು ತೋಟದ ಯಜಮಾನರಿಗೆ. ಕೆಂಡದಲ್ಲಿ ಸುಟ್ಟದ್ದು ಸಿಕ್ಕರೆ ಬಿಡಬೇಡಿ. ರಸ್ತಫಾರಿ ಪಂಥದವರ 'ಐಟಲ್' ಊಟದ ಅಂಗಡಿ ಕೇಳಿ, ಅಲ್ಲಿ ಮಾಂಸ ಇರುವುದಿಲ್ಲ, ಉಪ್ಪೂ ಕಮ್ಮಿಯೇ. ಟ್ರಿನಿಡಾಡ್‌ನಿಂದ ಹಬ್ಬಿದ ರೋಟಿಯೂ ಸುಮಾರು ಕಡೆ ಸಿಗುತ್ತದೆ, ಕಡಲೆ, ಆಲೂಗಡ್ಡೆ ಪಲ್ಯ ಹಾಕಿದ್ದು ಕೇಳಿ. ಎಚ್ಚರ ಬೇಕಾಗಿರುವುದು ಕಲಲೂ ಸಾರಿಗೆ. ನೋಡಲು ಬರೀ ಕೆಸುವಿನ ಸೊಪ್ಪು, ಒಳಗೆ ಏಡಿಯೋ ಹಂದಿಮಾಂಸವೋ ಇರುವುದು ಜಾಸ್ತಿ. ಬೀನ್ಸ್ ಬೇಯಿಸುವಾಗಲೂ ಮಾಂಸದ ತುಂಡು ಹಾಕುತ್ತಾರೆ. "ವೆಜಿಟೇರಿಯನ್" ಅಂದರೆ ಮೀನು ಕೊಡುವವರೂ ಇದ್ದಾರೆ, "ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ" ಅಂತ ಬಿಡಿಸಿ ಹೇಳಿ.

ಅಂಗಡಿಗೆ, ಬಸ್ಸಿಗೆ ಕಾಲಿಟ್ಟ ಕೂಡಲೇ ಮೊದಲು "ಗುಡ್ ಮಾರ್ನಿಂಗ್" ಹೇಳಿ, ಆಮೇಲೆ ಬೇಕಾದ್ದು ಕೇಳಿ. ಹಾಗೆ ಹೇಳದವರನ್ನು ಒರಟರು ಅಂದುಕೊಳ್ಳುತ್ತಾರೆ. ಸೈನಿಕರ ಡಿಸೈನ್ ಇರುವ ಬಟ್ಟೆ ಒಯ್ಯಬೇಡಿ, ಡೊಮಿನಿಕಾದಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಸಮುದ್ರದ ದಂಡೆಯಲ್ಲಿ ಮ್ಯಾಂಚಿನೀಲ್ ಅನ್ನುವ ಮರ ಇರುತ್ತದೆ, ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಚಿಕ್ಕ ಹಸಿರು ಸೇಬಿನಂಥ ಹಣ್ಣು, ಮುಟ್ಟಬೇಡಿ. ಮಳೆ ಬಂದರೆ ಅದರಡಿ ನಿಲ್ಲಲೂ ಬೇಡಿ, ಎಲೆಯಿಂದ ತೊಟ್ಟಿಕ್ಕುವ ನೀರಿಗೇ ಚರ್ಮ ಬೊಬ್ಬೆ ಬರುತ್ತದೆ.

ಫೆಬ್ರವರಿ ಒಳ್ಳೆಯ ತಿಂಗಳು. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಬಡಿದು ಡೊಮಿನಿಕಾದ ಕಾಡಿನ ಎಲೆಯೆಲ್ಲಾ ಉದುರಿಹೋಗಿತ್ತು, ಈಗ ಮತ್ತೆ ಹಸಿರಾಗಿದೆ. ಕಾರ್ನಿವಲ್ ಮಾತ್ರ ಫೆಬ್ರವರಿಯಲ್ಲೇ ಬೀಳಬಹುದು, ದಿನಾಂಕ ನೋಡಿಕೊಂಡು ರೂಮ್ ಬೇಗ ಹಿಡಿಯಿರಿ. ಡೊಮಿನಿಕಾದಲ್ಲಿ ಈಸ್ಟರ್ನ್ ಕೆರಿಬಿಯನ್ ಡಾಲರ್ ನಡೆಯುತ್ತದೆ, ಒಂದು ಅಮೆರಿಕನ್ ಡಾಲರ್‌ಗೆ 2.70, ವರ್ಷಗಳಿಂದ ಬದಲಾಗಿಲ್ಲ. ಟಿಕೆಟ್ ಮಾಡುವಾಗ ಏರ್‌ಪೋರ್ಟ್ ಕೋಡ್ ಡಿಒಎಂ ಅಂತ ಇದೆಯಾ ನೋಡಿಕೊಳ್ಳಿ. ಡೊಮಿನಿಕನ್ ರಿಪಬ್ಲಿಕ್ ಬೇರೆಯೇ ದೇಶ, ಎಷ್ಟೋ ಜನರ ಬ್ಯಾಗೂ, ಕೆಲವೊಮ್ಮೆ ಜನರೇ ಅಲ್ಲಿಗೆ ಹೋಗಿ ಇಳಿದಿದ್ದಾರೆ.