ಸಹಾಯ ಬೇಕು: ಸ್ವನಿಧಿ ಸಾಲ ತೀರಿದರೂ ಪೋರ್ಟಲ್‌ನಲ್ಲಿ ಚಾಲ್ತಿ ಅಂತಲೇ ಇದೆ

ತರಕಾರಿ ಗಾಡಿಯವರೊಬ್ಬರ ಪರವಾಗಿ ಕೇಳುತ್ತಿದ್ದೇನೆ. ಬೀದಿ ವ್ಯಾಪಾರಿಗಳಿಗಾಗಿ ಇರುವ ಕೇಂದ್ರದ ಸಾಲ ಯೋಜನೆ ಪಿಎಂ ಸ್ವನಿಧಿಯ ಮೊದಲ ಸಾಲ (ಹಳೇ ನಿಯಮದ 10,000 ರೂ.) ಪೂರ್ತಿ ಕಟ್ಟಿಯಾಗಿದೆ, ಬಾಕಿ ಇಲ್ಲವೆಂಬ ಬ್ಯಾಂಕಿನ ನೋ ಡ್ಯೂ ಪತ್ರ ಕೈಯಲ್ಲಿದೆ. ಆದರೂ ಪೋರ್ಟಲ್ ಎರಡನೇ ಸಾಲದ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ಈಗ ಆ ಹಂತಕ್ಕೆ 25,000 ರೂ.ವರೆಗೆ ಸಿಗುತ್ತದೆ.

ಸಾಲ ಮುಗಿದಿದ್ದನ್ನು ಪೋರ್ಟಲ್‌ನಲ್ಲಿ ನಮೂದಿಸಬೇಕಾದ್ದು ಸಾಲ ಕೊಟ್ಟ ಬ್ಯಾಂಕು. ಶಾಖೆಯವರು ಮಾತ್ರ ಪಾಲಿಕೆಯತ್ತ ಕೈ ತೋರಿಸುತ್ತಾರೆ! ವ್ಯಾಪಾರಿ ಗುರುತಿನ ಚೀಟಿ ಇದೆ, ಆಧಾರ್‌ಗೆ ಮೊಬೈಲ್ ಜೋಡಣೆಯೂ ಆಗಿದೆ, ತೊಡಕು ಅಲ್ಲಿಲ್ಲ.

ಪಾಲಿಕೆಯ ಸಮುದಾಯ ಸಂಘಟಕರ ಮೂಲಕವೋ, ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ನೋ ಡ್ಯೂ ಪ್ರತಿ ಸಮೇತ ಬರೆದೋ ಇದನ್ನು ಸರಿಮಾಡಿಸಿಕೊಂಡವರು ಇದ್ದೀರಾ? ಯಾವುದು ಬೇಗ ಆಗುತ್ತದೆ? ಕಮಿಷನ್ ಕೇಳುವ ಏಜೆಂಟರು ದಯವಿಟ್ಟು ಬೇಡ, ಅಡಮಾನವೇ ಇಲ್ಲದ ಸಾಲವಿದು.