ನಾಲ್ಕಡಿ ತೊಟ್ಟಿಗೆ ಅಗ್ಗದ, ಗಟ್ಟಿಮುಟ್ಟಾದ ದೊಡ್ಡ ಮೀನು ಯಾವುದು? ಈಗಿರುವ ‘ಶಾರ್ಕ್’ಗಳು ಗಾಜಿಗೆ ಗುದ್ದಿಕೊಳ್ಳುತ್ತಿವೆ

ಪ್ರಶ್ನೆ:
ನಮಸ್ಕಾರ. ಭಾವನವರಿಗೆ ವರ್ಗವಾದಾಗ ಅವರ ಅಕ್ವೇರಿಯಂ ನಮ್ಮ ಮನೆಗೆ ಬಂತು. ಉದ್ದ 4 ಅಡಿ, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಜೊತೆಗೆ ತೊಟ್ಟಿಯ ಮೇಲೆ ಕೂರಿಸುವ ಒಂದು ಟಾಪ್ ಫಿಲ್ಟರ್, ಅಂಗಡಿಯಲ್ಲಿ ‘ಶಾರ್ಕ್’ ಎಂದು ಮಾರುವ ಗೇಣುದ್ದದ ಎರಡು ಬೂದು ಮೀನುಗಳು. ದೀಪ ಹಾಕಿದರೂ, ಯಾರಾದರೂ ಹತ್ತಿರ ನಡೆದರೂ ಅವು ಗಾಬರಿಯಿಂದ ಗಾಜಿಗೆ ಗುದ್ದಿಕೊಳ್ಳುತ್ತವೆ. ಒಂದರ ಮೂತಿ ಕೆಂಪಾಗಿದೆ. ಇದಕ್ಕೆ ಪರಿಹಾರವಿದೆಯೇ? ಇಲ್ಲವಾದರೆ ಈ ತೊಟ್ಟಿಗೆ ಯಾವ ದೊಡ್ಡ ಮೀನು ತರಬಹುದು? ಹೆಚ್ಚು ಖರ್ಚು ಮಾಡಲಾರೆ, ಅನುಭವವೂ ಇಲ್ಲ. ಅಂಗಡಿಯವರು ಆಸ್ಕರ್, ರೆಡ್‌ಟೇಲ್ ಕ್ಯಾಟ್‌ಫಿಶ್, ಅಲಿಗೇಟರ್ ಗಾರ್ ತೋರಿಸಿದರು. ನಮ್ಮದು ಬೋರ್‌ವೆಲ್ ನೀರು.

ಉತ್ತರ 1:
ನಿಮ್ಮ ತೊಟ್ಟಿಯಲ್ಲಿರುವುದು ನಿಜವಾದ ಶಾರ್ಕ್ ಅಲ್ಲ, ಪಂಗಾಸಿಯಸ್. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಮೀನು. ಇಲ್ಲಿ ಆಹಾರಕ್ಕಾಗಿಯೂ ಸಾಕುತ್ತಾರೆ, ಮಾರುಕಟ್ಟೆಯಲ್ಲಿ ‘ಬಾಸಾ’ ಎಂದು ಸಿಗುವುದು ಸಾಮಾನ್ಯವಾಗಿ ಇದೇ. ಬೆಳೆದರೆ ಒಂದು ಮೀಟರ್ ದಾಟುತ್ತದೆ. ಗುಂಪಿನಲ್ಲಿ ದೂರ ದೂರ ಈಜುವ, ಸ್ವಭಾವತಃ ಅಂಜುಬುರುಕ ಮೀನಿಗೆ ನಾಲ್ಕಡಿ ಎಂದರೆ ತಿರುಗಲೂ ಜಾಗವಿಲ್ಲ. ಹಿಂಬದಿಗೆ ಕಪ್ಪು ಹಾಳೆ ಅಂಟಿಸಿ, ಕೋಣೆಯ ದೀಪ ಹಾಕಿದ ಮೇಲೆ ತೊಟ್ಟಿಯ ದೀಪ ಹಾಕಿ. ಗುದ್ದುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ದೊಡ್ಡ ಕೊಳವಿರುವವರಿಗೆ ಅಥವಾ ಅಂಗಡಿಗೆ ಕೊಟ್ಟುಬಿಡಿ. ದಯವಿಟ್ಟು ಕೆರೆಗೆ ಬಿಡಬೇಡಿ. ಅಕ್ವೇರಿಯಂಗಾಗಿ ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ನಮ್ಮ ಕೆರೆ ಹೊಳೆಗಳನ್ನು ಸೇರಿಕೊಂಡಿದೆ.

ರೆಡ್‌ಟೇಲ್ ಒಂದು ಮೀಟರ್ ದಾಟುತ್ತದೆ, ಅಲಿಗೇಟರ್ ಗಾರ್ ಎರಡು ಮೀಟರಿಗೂ ಬೆಳೆಯಬಲ್ಲದು. ಇಂಥ ಮರಿಗಳನ್ನು ಮನೆಯ ತೊಟ್ಟಿಗೆಂದು ಮಾರುವುದೇ ತಪ್ಪು. ಮರಿಯ ಬೆಲೆ ಕಡಿಮೆ ಎಂದು ಮೋಸಹೋಗಬೇಡಿ. ದುಡ್ಡು ಹೋಗುವುದು ತೊಟ್ಟಿ, ಫಿಲ್ಟರ್, ಆಹಾರಕ್ಕೆ. ‘ಇದು ಎಷ್ಟು ದೊಡ್ಡದಾಗುತ್ತದೆ?’ ಎಂಬುದನ್ನೇ ಮೊದಲು ಕೇಳಿ.

ನಿಮ್ಮ ತೊಟ್ಟಿ ಸುಮಾರು 255 ಲೀಟರ್. ಮರಳು, ಕಲ್ಲು ಕಳೆದರೆ ಇನ್ನೂ ಕಡಿಮೆ. ನನ್ನ ಆಯ್ಕೆ ಒಂದೇ ಒಂದು ಆಸ್ಕರ್. 30 ಸೆಂಟಿಮೀಟರ್ ಬೆಳೆಯುತ್ತದೆ, ಹತ್ತು ವರ್ಷ ಬದುಕುತ್ತದೆ, ಮನೆಯವರ ಗುರುತು ಹಿಡಿಯುತ್ತದೆ. ನಿಮ್ಮ ತೊಟ್ಟಿಯ ನೀರು ಅದೊಂದಕ್ಕೆ ಹೇಗೋ ಸಾಕಾಗುವಷ್ಟಿದೆ. ಹಾಗಾಗಿ ಎರಡನೆಯದು ಬೇಡವೇ ಬೇಡ.

ಉತ್ತರ 2:
ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆಸ್ಕರ್ ಒಂದನ್ನು ಬಿಟ್ಟು. ಗಟ್ಟಿ ಮೀನು ನಿಜ, ಆದರೆ ಅದು ತಿನ್ನುವುದೂ ಗಲೀಜು ಮಾಡುವುದೂ ವಿಪರೀತ. ವಾರ ವಾರ ಮೂರನೇ ಒಂದು ಭಾಗ ನೀರು ಬದಲಿಸಲು ಆಗದಿದ್ದರೆ ತಲೆಯ ಮೇಲೆ ಗುಳಿ ಬೀಳುವ ಕಾಯಿಲೆ ಬರುವ ಅಪಾಯವಿದೆ. ಗಿಡ ಕೀಳುತ್ತದೆ, ನೀರು ಬೆಚ್ಚಗಿಡುವ ಹೀಟರನ್ನೂ ಗುದ್ದುತ್ತದೆ.

ಹೊಸಬರಿಗೆ ನಾನು ಹೇಳುವುದು ಮೂರು ಬ್ಲಡ್ ಪ್ಯಾರಟ್ ಮೀನು, ಐದು ಸಿಲ್ವರ್ ಡಾಲರ್ ಮೀನು. ಪ್ಯಾರಟ್ ಮಿಶ್ರತಳಿ, ಅಂಗೈಯಗಲಕ್ಕೆ ಬೆಳೆಯುತ್ತದೆ. ಅದರ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ಕಚ್ಚಾಟದಲ್ಲಿ ಹೆಚ್ಚು ಗಾಯ ಮಾಡಲಾರದು. ಮುಳುಗುವ, ಸಣ್ಣ ಕಾಳಿನಂಥ ಮೀನಿನ ಆಹಾರ ಹಾಕಿ. ನೇರಳೆ, ಹಸಿರು ಬಣ್ಣದವು ಕೃತಕವಾಗಿ ಬಣ್ಣ ಹಾಕಿದವು, ಬಾಲ ಕತ್ತರಿಸಿ ಹೃದಯದ ಆಕಾರ ಮಾಡಿದವೂ ಸಿಗುತ್ತವೆ. ಅವನ್ನು ಕೊಳ್ಳಬೇಡಿ. ನಾವು ಕೊಳ್ಳುವವರೆಗೆ ಆ ಹಿಂಸೆ ನಿಲ್ಲುವುದಿಲ್ಲ. ಸಿಲ್ವರ್ ಡಾಲರ್ 15 ಸೆಂಟಿಮೀಟರ್ ಬೆಳೆಯುತ್ತದೆ. ಅವು ನಿರಾಳವಾಗಿ ಈಜುವುದನ್ನು ನೋಡಿದರೆ ಪ್ಯಾರಟ್‌ಗಳೂ ಅಡಗುತಾಣದಿಂದ ಹೊರಬರುತ್ತವೆ. ಸೊಪ್ಪೆಂದರೆ ಸಿಲ್ವರ್ ಡಾಲರ್‌ಗಳಿಗೆ ಪ್ರಾಣ, ಹಾಗಾಗಿ ತೊಟ್ಟಿಯಲ್ಲಿ ಗಿಡ ಉಳಿಯುವುದಿಲ್ಲ. ಬೇಯಿಸಿದ ಪಾಲಕ್ ಕೊಡಬಹುದು.

ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಫಿಲಮೆಂಟ್ ಬಾರ್ಬ್ ಮೀನು ಕೂಡ ಚೆಂದ. ತೊಟ್ಟಿಯಲ್ಲಿ ಮರಿ ಮಾಡಿಸಿದವು ಸಿಕ್ಕರೆ ಆರೇಳು ತನ್ನಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಮಗಳು ಪ್ಯಾರಟ್‌ಗೇ ಮತ ಹಾಕಿದ್ದಾಳೆ. ಪಂಗಾಸಿಯಸ್‌ಗಳನ್ನು ಪರಿಚಯದವರೊಬ್ಬರು ತೋಟದ ಕಟ್ಟಿದ ಕೊಳಕ್ಕೆ ಒಯ್ಯಲು ಒಪ್ಪಿದ್ದಾರೆ. ಅವು ಹೋದ ಮೇಲೆ ತೊಟ್ಟಿ, ಫಿಲ್ಟರ್ ಎಲ್ಲವನ್ನೂ ತೊಳೆದು ಹೊಸದಾಗಿ ಶುರುಮಾಡಲೇ?

ಉತ್ತರ 1:
ತೊಳೆಯಲೇಬೇಡಿ! ಮೀನಿನ ಮಲಮೂತ್ರದಿಂದ ಅಮೋನಿಯ ಉಂಟಾಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಆಮೇಲೆ ಅಷ್ಟು ವಿಷವಲ್ಲದ ನೈಟ್ರೇಟ್ ಆಗಿಯೂ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಇವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಫಿಲ್ಟರಿನಲ್ಲಿ ಎರಡು ದೊಡ್ಡ ಮೀನುಗಳ ಹೊರೆ ಹೊರುವಷ್ಟು ಈಗಾಗಲೇ ಇವೆ. ಗಾಬರಿಗೊಂಡ ಆ ಎರಡು ಮೀನು ಬಿಟ್ಟುಹೋಗುತ್ತಿರುವ ಆಸ್ತಿ ಅದು, ಕಳೆದುಕೊಳ್ಳಬೇಡಿ. ಸ್ಪಂಜು ಕಟ್ಟಿಕೊಂಡಿದ್ದರೆ ತೊಟ್ಟಿಯದೇ ನೀರನ್ನು ಬಕೆಟ್‌ಗೆ ತೆಗೆದು ಅದರಲ್ಲಿ ಹಿಂಡಿ. ಫಿಲ್ಟರ್ ಓಡುವುದನ್ನು ನಿಲ್ಲಿಸಬೇಡಿ. ಬ್ಯಾಕ್ಟೀರಿಯಾಗಳಿಗೂ ಆಹಾರ ಬೇಕಾದ್ದರಿಂದ ತೊಟ್ಟಿಯನ್ನು ವಾರಗಟ್ಟಲೆ ಖಾಲಿ ಬಿಡದೆ ಎರಡು ಮೂರು ದಿನಗಳಲ್ಲಿ ಹೊಸ ಮೀನು ತನ್ನಿ. ಮೊದಲು ಪ್ಯಾರಟ್, ಎರಡು ವಾರ ಬಿಟ್ಟು ಸಿಲ್ವರ್ ಡಾಲರ್.

ನೀರಿನ ಪರೀಕ್ಷಾ ಕಿಟ್ ಒಂದನ್ನು ಖಂಡಿತ ಕೊಳ್ಳಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಬೋರ್‌ವೆಲ್ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ. ಕೃಷಿ ಪ್ರದೇಶದ ಅಂತರ್ಜಲದಲ್ಲಿ ನೈಟ್ರೇಟ್ ಮೊದಲೇ ಇರಬಹುದು, ಇದ್ದರೆ ನೀರು ಬದಲಿಸಿದರೂ ಅದು ಇಳಿಯುವುದಿಲ್ಲ. ಗಡಸು ನೀರಿಗೆ ಪ್ಯಾರಟ್ ಹೊಂದಿಕೊಳ್ಳುತ್ತದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಸುವ ಔಷಧಿಗಳ ಗೊಡವೆ ಬೇಡ, ನೀರು ಒಂದೇ ತೆರನಾಗಿದ್ದರೆ ಸಾಕು.

ಉತ್ತರ 2:
ಎರಡು ಮಾತು ಉಳಿಯಿತು. ಚಳಿಗಾಲಕ್ಕೆ 200 ವಾಟ್‌ನ ಹೀಟರ್ ಇರಲಿ, ನೀರು 25 ಡಿಗ್ರಿಗಿಂತ ಕೆಳಗಿಳಿಯದಿರಲಿ. ಕರೆಂಟ್ ಹೋದಾಗ ಫಿಲ್ಟರ್ ನಿಂತು ಆಮ್ಲಜನಕ ಕಡಿಮೆಯಾಗುತ್ತದೆ. ಬ್ಯಾಟರಿಯಿಂದ ಓಡುವ ಏರ್ ಪಂಪ್ ದುಬಾರಿಯಲ್ಲ, ಮೀನಿಗಿಂತ ಮೊದಲು ಅದನ್ನು ತನ್ನಿ.