ಬೀದಿನಾಯಿಗಳು ಕಚ್ಚಿದ ಮೇಲೆ ನಮ್ಮ ನಾಯಿ ಗೇಟು ದಾಟುತ್ತಿಲ್ಲ

ಪ್ರಶ್ನೆ: ನಾಲ್ಕು ವರ್ಷದ ಹೆಣ್ಣುನಾಯಿ. ನಿನ್ನೆ ಸಂಜೆ ಮೂರು ಬೀದಿನಾಯಿಗಳು ಮೇಲೆರಗಿದವು. ಕತ್ತಿನ ಹತ್ತಿರ ಎರಡು ಸಣ್ಣ ತೂತು, ರಕ್ತ ನಿಂತಿದೆ. ರೇಬೀಸ್ ಲಸಿಕೆ ಆಗಿದೆ. ಅರಿಶಿನ ಹಚ್ಚಿದರೆ ಸಾಕಾ? ಗೇಟಿನ ಹತ್ತಿರ ಹೋದರೆ ನಡುಗುತ್ತಾಳೆ, ಏನು ಮಾಡಲಿ?

ಉತ್ತರ 1: ಅರಿಶಿನ ಬೇಡ, ಇವತ್ತೇ ಡಾಕ್ಟರಿಗೆ ತೋರಿಸಿ. ಹಲ್ಲಿನ ತೂತು ಸಣ್ಣದಾದರೂ, ಕಚ್ಚಿ ಜಾಡಿಸಿದಾಗ ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿರುತ್ತದೆ. ಮೇಲಿನ ತೂತು ಮುಚ್ಚಿಕೊಂಡರೆ ಕೀವು ಒಳಗೇ ತುಂಬುತ್ತದೆ. ಸುತ್ತಲಿನ ಕೂದಲು ಬೋಳಿಸದೆ ಗಾಯ ಎಷ್ಟಿದೆ ಅಂತ ಗೊತ್ತಾಗಲ್ಲ. ಹೊರಡುವ ಮುಂಚೆ ಔಷಧಿ ಅಂಗಡಿಯಲ್ಲಿ ಸಿಗುವ ಶುದ್ಧ ಉಪ್ಪುನೀರು, ಅಂದರೆ ನಾರ್ಮಲ್ ಸಲೈನ್‌ನಿಂದ ತೊಳೆಯಿರಿ. ಒಸಡು ಬಿಳಚಿಕೊಂಡಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಅದಕ್ಕೂ ನಿಲ್ಲಬೇಡಿ, ಓಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರ ಕೊಡಲೇಬೇಡಿ, ನಾಯಿಗೆ ವಿಷವಾಗಬಹುದು.

ಉತ್ತರ 2: ಲಸಿಕೆ ಆಗಿದ್ದರೂ ತಡಮಾಡದೆ ಬೂಸ್ಟರ್ ಹಾಕಿಸಬೇಕು, ಲಸಿಕೆ ಕಾರ್ಡ್ ಒಯ್ಯಿರಿ. ಗಾಯ ಮುಟ್ಟಿದವರ ಕೈಯಲ್ಲಿ ಗೀರು ಇದ್ದರೆ 15 ನಿಮಿಷ ಸೋಪು ಹಾಕಿ ನೀರಲ್ಲಿ ತೊಳೆದು ಅವರೂ ಆಸ್ಪತ್ರೆಗೆ ಹೋಗಬೇಕು. ಗಾಬರಿಯಲ್ಲಿ ಬಹಳ ಜನ ಇದನ್ನೇ ಮರೆಯುತ್ತಾರೆ.

ಉತ್ತರ 3: ಹೆದರಿಕೆ ವಿಷಯ. ಗಾಯ ಮಾಯುವವರೆಗೆ ವಾಕಿಂಗ್ ಬಿಡಿ. ನೋವಿರುವಾಗ ಹೊರಗೆ ಒಯ್ದರೆ ಭಯವೇ ಗಟ್ಟಿಯಾಗುತ್ತದೆ. ಆಮೇಲೆ ಕಾಲರ್ ಬದಲು ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಹಾಕಿ, ಗೇಟು ಕಂಡರೂ ನಡುಗದಷ್ಟು ದೂರದಲ್ಲಿ ಕೂತು ಬೇಯಿಸಿದ ಚಿಕನ್ ಚೂರು ಕೊಡಿ. ಎರಡು ನಿಮಿಷ ಸಾಕು. ಇಷ್ಟದ ಚೂರನ್ನೂ ಮೂಸದೆ ಮುಖ ತಿರುಗಿಸಿದಳೆಂದರೆ ತೀರಾ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ಎಳೆಯಬೇಡಿ. ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ ಅನ್ನೋದು ತಪ್ಪು. ಅವಳಾಗಿ ಬಂದು ಒರಗಿದರೆ ಧಾರಾಳವಾಗಿ ಸವರಿ.